ಕ್ರೀಡಾಂಗಣದ ರಾಕ್ ಸಂಗೀತ ಕಾರ್ಯಕ್ರಮ: ಎಲ್ಲಿ ನಿಲ್ಲಬೇಕು, ಹೇಗೆ ಕೇಳಬೇಕು?

ಮೆಚ್ಚಿನ ಬ್ಯಾಂಡಿನ ಹಾಡುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ತಿಂಗಳುಗಟ್ಟಲೆ ಕಾದವರು, ಗೇಟು ತೆರೆದೊಡನೆ ಓಡಿಹೋಗಿ ವೇದಿಕೆಯ ಮುಂದಿನ ಬ್ಯಾರಿಕೇಡಿಗೆ ಒತ್ತಿಕೊಂಡು ನಿಂತು, ಎರಡು ಗಂಟೆಗಳ ಬಳಿಕ ‘ಡ್ರಮ್ ಬಿಟ್ಟರೆ ಬೇರೇನೂ ನೆಟ್ಟಗೆ ಕೇಳಿಸಲಿಲ್ಲ’ ಎಂದು ಬೇಸರಪಟ್ಟುಕೊಂಡು ಹೊರಬರುವುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ. ಬಯಲು ಕ್ರೀಡಾಂಗಣದಲ್ಲಿ ಸಂಗೀತವು ಎಲ್ಲ ಕಡೆಯೂ ಒಂದೇ ತೆರನಾಗಿ ಕೇಳಿಸುವುದಿಲ್ಲ. ನಿಲ್ಲುವ ಜಾಗ ಮತ್ತು ಕಿವಿಯ ರಕ್ಷಣೆ, ಇವೆರಡನ್ನು ಸರಿಯಾಗಿ ನೋಡಿಕೊಂಡರೆ ಉಳಿದ ಸಿದ್ಧತೆ ಕಷ್ಟದ್ದಲ್ಲ.

ಸುಲಭದ ಕೆಲಸಗಳನ್ನು ಮೊದಲು ಮುಗಿಸೋಣ. ಟಿಕೆಟನ್ನು ಅಧಿಕೃತ ಮಾರಾಟಗಾರರಿಂದಲೇ ಕೊಳ್ಳಿ. ಸಾವಿರಾರು ಫೋನುಗಳು ಒಂದೆಡೆ ಸೇರಿದಾಗ ನೆಟ್‌ವರ್ಕ್ ಕೈಕೊಡುವುದರಿಂದ ಅದನ್ನು ಮನೆಯಲ್ಲಿಯೇ ಫೋನಿಗೆ ಇಳಿಸಿಕೊಳ್ಳಿ. ಬೆರಳು ಮುಚ್ಚುವ ಶೂ ಧರಿಸಿ. ಛತ್ರಿಯ ಬದಲು ಮಡಚಿಡಬಹುದಾದ ರೇನ್‌ಕೋಟ್ ಒಯ್ಯಿರಿ. ಜೊತೆಗಾರರು ಬೇರೆಯಾದರೆ ಸೇರಬೇಕಾದ ಜಾಗವನ್ನು ಒಳಹೋಗುವ ಮೊದಲೇ ಗೊತ್ತುಮಾಡಿಕೊಳ್ಳಿ.

ಇನ್ನು ಜಾಗದ ವಿಚಾರ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಬೀಟಲ್ಸ್ ಹಾಡಿದಾಗ ಅಲ್ಲಿ 55,000ಕ್ಕೂ ಹೆಚ್ಚು ಜನರಿದ್ದರು. ಕ್ರೀಡಾಂಗಣದಲ್ಲಿ ಪ್ರಕಟಣೆ ಹೇಳಲೆಂದು ಇದ್ದ ಧ್ವನಿವರ್ಧಕಗಳನ್ನೇ ಹಾಡಿಗೂ ಬಳಸಿದ್ದರಿಂದ, ಅಭಿಮಾನಿಗಳ ಕೂಗಿನಲ್ಲಿ ಸಂಗೀತ ಮುಳುಗಿಹೋಯಿತು. ಈಗಿನ ಕಾರ್ಯಕ್ರಮಗಳಲ್ಲಿ ವೇದಿಕೆಯ ಎರಡೂ ಬದಿಗೆ ಸ್ಪೀಕರ್‌ಗಳನ್ನು ಒಂದರ ಕೆಳಗೊಂದು ಪೋಣಿಸಿ, ಬಾಳೆಗೊನೆಯಂತೆ ಬಾಗಿಸಿ ಎತ್ತರದಲ್ಲಿ ತೂಗುಹಾಕುತ್ತಾರೆ. ಅವುಗಳ ದನಿ ದೂರದವರನ್ನು ತಲುಪುವಂತೆ ಗುರಿಯಿಟ್ಟದ್ದು. ಬ್ಯಾರಿಕೇಡಿನ ಬಳಿ ನಿಂತವರ ನೆತ್ತಿಯ ಮೇಲಿಂದ ಅದು ದಾಟಿಹೋಗುತ್ತದೆ. ವೇದಿಕೆಯಂಚಿನ ಸಣ್ಣ ಸ್ಪೀಕರ್‌ಗಳು ಮುಂದಿನ ಸಾಲಿಗೆ ಹಾಡನ್ನು ಒಂದಿಷ್ಟು ಮುಟ್ಟಿಸಿದರೂ, ನೆಲದ ಮೇಲಿನ ಮಂದ್ರದ, ಎಂದರೆ ತಗ್ಗುಸ್ವರದ, ಸ್ಪೀಕರ್ ಪೆಟ್ಟಿಗೆಗಳ ಗುಡುಗಿನೆದುರು ಅವುಗಳ ಆಟ ಹೆಚ್ಚು ನಡೆಯುವುದಿಲ್ಲ.

ಆದ್ದರಿಂದ ಮೈದಾನದೊಳಗೆ ಕಾಲಿಟ್ಟೊಡನೆ ವೇದಿಕೆಯನ್ನು ಹುಡುಕಬೇಡಿ. ವೇದಿಕೆಗೆ ಎದುರಾಗಿ, ಜನರ ನಡುವೆ, ಸುತ್ತ ಬೇಲಿ ಹಾಕಿಕೊಂಡಿರುವ ಮಂಟಪವನ್ನು ಹುಡುಕಿ. ಅದರೊಳಗೆ ಸೌಂಡ್ ಎಂಜಿನಿಯರ್ ಮಿಕ್ಸಿಂಗ್ ಫಲಕದ ಮುಂದೆ ನಿಂತಿರುತ್ತಾರೆ. ಅವರು ಗಿಟಾರನ್ನು ಏರಿಸುವುದೂ ಗಾಯಕನ ದನಿಯನ್ನು ಮುಂದಕ್ಕೆ ತರುವುದೂ ಆ ಜಾಗದಲ್ಲಿ ತಮ್ಮ ಕಿವಿಗೆ ಬಿದ್ದದ್ದನ್ನು ನಂಬಿಯೇ. ಮಂಟಪದ ಮುಂದೆ ಹತ್ತಾರು ಹೆಜ್ಜೆಯೊಳಗೆ, ಎಡಬಲದ ಸ್ಪೀಕರ್‌ಗಳಿಗೆ ಹೆಚ್ಚುಕಡಿಮೆ ಸಮದೂರದಲ್ಲಿ ನಿಲ್ಲಿ. ಸರಿಯಾಗಿ ಮಧ್ಯರೇಖೆಯ ಮೇಲೆ ಎರಡೂ ಬದಿಯ ಮಂದ್ರನಾದ ಒಂದಾಗಿ ಎದೆ ನಡುಗಿಸುತ್ತದೆ. ಅದು ಹಿಡಿಸದಿದ್ದರೆ ನಾಲ್ಕೈದು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕು, ಬೇಸ್ ಗಿಟಾರಿನ ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆ. ನಾನಂತೂ ಯಾವಾಗಲೂ ಹಾಗೆ ಸರಿದೇ ನಿಲ್ಲುತ್ತೇನೆ.

ಹಿಂದೆ ನಿಂತವರಿಗೆ ಬೇರೊಂದು ತೊಡಕಿದೆ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, 100 ಮೀಟರ್ ದೂರದಲ್ಲಿದ್ದವರ ಕಣ್ಣಿಗೆ ಡ್ರಮ್ಮಿನ ಕೋಲು ಬಡಿದದ್ದು ಕಂಡು ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ತಡವಾಗಿ ಸದ್ದು ಕೇಳುತ್ತದೆ. ಮೈದಾನದ ನಡುವೆ ನಿಲ್ಲಿಸುವ ಸ್ಪೀಕರ್ ಗೋಪುರಗಳು ಅಷ್ಟೇ ತಡಮಾಡಿ ದನಿ ಹೊರಡಿಸಿ ಅದನ್ನು ವೇದಿಕೆಯ ದನಿಯೊಂದಿಗೆ ಹೊಂದಿಸುತ್ತವೆ. ಹಿಂದೆಯೇ ನಿಲ್ಲಬೇಕಾಗಿ ಬಂದರೆ ಇಂಥ ಗೋಪುರದ ಸ್ಪೀಕರ್‌ಗಳು ಮುಖಮಾಡಿರುವ ಕಡೆಯಲ್ಲಿ ನಿಲ್ಲಿ. ಅದರ ಬೆನ್ನಿಗೆ ಮಾತ್ರ ಬೇಡ. ಆಸನದ ಟಿಕೆಟ್ ಕೊಳ್ಳುವವರು ಮೇಲಂತಸ್ತಿನ ಚಾವಣಿಯಡಿಯ ಕೊನೆಯ ಸಾಲುಗಳನ್ನು ಬಿಟ್ಟುಬಿಡಿ. ಕಾಂಕ್ರೀಟಿಗೆ ಬಡಿದ ದನಿ ಅಲ್ಲಿ ಕಲಸುಮೇಲೋಗರವಾಗುತ್ತದೆ.

ಕಿವಿಯ ವಿಷಯದಲ್ಲಿ ಉದಾಸೀನ ಸಲ್ಲದು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಮಿತಿಯಂತೆ 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ಸಹಿಸಬಹುದು. 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕಿಳಿಯುತ್ತದೆ. ಹೀಗೆ ಲೆಕ್ಕ ಹಾಕಿದರೆ, ರಾಕ್ ಕಾರ್ಯಕ್ರಮಗಳಲ್ಲಿ ಸಾಮಾನ್ಯವಾದ 100 ಡೆಸಿಬೆಲ್‌ಗೆ ಸಿಗುವುದು 15 ನಿಮಿಷ ಮಾತ್ರ. ಹತ್ತಿ ಅಥವಾ ಟಿಶ್ಯೂ ತುರುಕಿಕೊಳ್ಳುವುದರಿಂದ ಪ್ರಯೋಜನವಿಲ್ಲವೆಂದೇ ತಿಳಿಯಿರಿ. ಫೋಮ್ ಇಯರ್‌ಪ್ಲಗ್ ಅಗ್ಗ ಮತ್ತು ಸುರಕ್ಷಿತ, ಆದರೆ ಅದು ತಾರಸ್ವರಗಳನ್ನು ಹೆಚ್ಚಾಗಿ ನುಂಗಿ ಹಾಡನ್ನು ಮಂಕಾಗಿಸುತ್ತದೆ. ಸಂಗೀತಗಾರರಿಗೆಂದೇ ತಯಾರಾಗುವ, ಒಳಗೆ ಫಿಲ್ಟರ್ ಇರುವ ಇಯರ್‌ಪ್ಲಗ್ ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತದೆ. ವರ್ಷಕ್ಕೆ ಒಂದೇ ಕಾರ್ಯಕ್ರಮಕ್ಕೆ ಹೋಗುವವರೂ ಇದನ್ನೇ ಕೊಳ್ಳಬೇಕು.

ಫೋಮಿನದನ್ನೇ ಬಳಸುವವರಲ್ಲಿ ಹೆಚ್ಚಿನವರು ಅದನ್ನು ಕಿವಿಯ ಬಾಯಿಗೆ ಒತ್ತಿ ಸುಮ್ಮನಾಗುತ್ತಾರೆ. ಅದು ಸರಿಯಲ್ಲ. ಶುಚಿಯಾದ ಬೆರಳುಗಳ ನಡುವೆ ಅದನ್ನು ಬತ್ತಿಯಂತೆ ತೆಳ್ಳಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯ ಹಾಳೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆದರೆ ಕಿವಿಯ ದಾರಿ ನೇರವಾಗುತ್ತದೆ. ಹೊಸೆದದ್ದನ್ನು ತಡಮಾಡದೆ ಒಳಸೇರಿಸಿ, ಅದು ಅರಳಿಕೊಳ್ಳುವವರೆಗೆ ಅರ್ಧ ನಿಮಿಷ ಬೆರಳಿನಿಂದ ಹಿಡಿದಿರಿ. ನಿಮ್ಮದೇ ಮಾತು ತಲೆಯೊಳಗಿಂದ ಬಂದಂತೆ ಕೇಳಿದರೆ ಸರಿಯಾಗಿ ಕೂತಿದೆ ಎಂದರ್ಥ. ಇದನ್ನು ಮೊದಲ ಹಾಡಿಗೆ ಮುಂಚೆಯೇ ಮಾಡಬೇಕು. ಕತ್ತಲಲ್ಲಿ, ಕುಣಿಯುವವರ ನಡುವೆ ಆಗದ ಕೆಲಸವಿದು.

ಬ್ಯಾರಿಕೇಡಿನ ಬಳಿಯೇ ನಿಲ್ಲುವ ಆಸೆ ಬಿಡದವರು ಒಂದು ಗುರುತನ್ನು ನೆನಪಿಟ್ಟುಕೊಳ್ಳಿ. ಸುತ್ತಲಿನವರ ಮೈ ಎಲ್ಲ ಕಡೆಯಿಂದಲೂ ತಾಗುತ್ತ, ಕೈಯೆತ್ತಿ ಮುಖ ಮುಟ್ಟಿಕೊಳ್ಳಲೂ ಆಗದಿದ್ದರೆ ತಕ್ಷಣ ಹೊರಡಬೇಕು. 2000ದಲ್ಲಿ ಡೆನ್ಮಾರ್ಕಿನ ರೊಸ್ಕಿಲ್ಡೆ ಉತ್ಸವದಲ್ಲಿ ಪರ್ಲ್ ಜ್ಯಾಮ್ ಬ್ಯಾಂಡ್ ಹಾಡುತ್ತಿದ್ದಾಗ ವೇದಿಕೆಯ ಮುಂದಿನ ನೂಕುನುಗ್ಗಲಿನಲ್ಲಿ 9 ಯುವಕರು ಸತ್ತರು. ಇಂಥ ಕಡೆ ಸಾವು ಬರುವುದು ಹೆಚ್ಚಾಗಿ ಎದೆ ಅಮುಕಿ ಉಸಿರು ನಿಲ್ಲುವುದರಿಂದ. ಹಾಗಾಗಿ ಮುಷ್ಟಿಕಾಳಗದವರಂತೆ ತೋಳುಗಳನ್ನು ಎದೆಯ ಮುಂದೆ ಮಡಚಿ ಉಸಿರಿಗೆ ಜಾಗ ಉಳಿಸಿಕೊಳ್ಳಿ. ಅಲೆಯಂತೆ ಬರುವ ತಳ್ಳಾಟಕ್ಕೆ ಎದುರು ನಿಲ್ಲದೆ, ಅದು ಸಡಿಲವಾದಾಗಲೆಲ್ಲ ಓರೆಯಾಗಿ ಅಂಚಿನತ್ತ ಸರಿಯಿರಿ. ಕೈಯಿಂದ ಬಿದ್ದ ಫೋನನ್ನು ಎತ್ತಲು ಬಗ್ಗಬೇಡಿ, ಆದರೆ ಬಿದ್ದ ಮನುಷ್ಯನನ್ನು ಮಾತ್ರ ಅಕ್ಕಪಕ್ಕದವರನ್ನು ಕೂಗಿ ಸೇರಿಸಿಕೊಂಡು ಆ ಕ್ಷಣದಲ್ಲೇ ಎತ್ತಿ ನಿಲ್ಲಿಸಿ.

ಕೊನೆಯ ಹಾಡು ಮುಗಿದೊಡನೆ ಗೇಟಿನತ್ತ ಧಾವಿಸದೆ ಇಪ್ಪತ್ತು ನಿಮಿಷ ಇದ್ದಲ್ಲೇ ಇರಿ. ಮನೆಗೆ ಹೋದ ಮೇಲೆ ಕಿವಿ ಗುಂಯ್‌ಗುಡುತ್ತಿದ್ದರೆ ಒಂದೆರಡು ದಿನ ಹೆಡ್‌ಫೋನ್ ಮುಟ್ಟಬೇಡಿ. ಆಮೇಲೂ ಅದು ನಿಲ್ಲದಿದ್ದರೆ ಅಥವಾ ಒಂದು ಕಿವಿ ಮಂದವಾಗಿದೆ ಎನಿಸಿದರೆ ತಡಮಾಡದೆ ಕಿವಿಯ ವೈದ್ಯರಿಗೆ ತೋರಿಸಿ.