ಟ್ರಾಮ್‌ನಲ್ಲಿ ಅಂಗಡಿಗೆ ಸಾಮಾನು ಕಳಿಸಬೇಕೇ? ಮೊದಲು ಕೊನೆಯ ಇನ್ನೂರು ಮೀಟರ್ ನಡೆದು ನೋಡಿ

ನಮ್ಮ ಅಪ್ಪನದು ತುಮಕೂರಿನ ಮಂಡಿಪೇಟೆಯಲ್ಲಿ ಕಿರಾಣಿ ಅಂಗಡಿ. ಬೆಂಗಳೂರಿನಿಂದ ಲಾರಿ ಎರಡು ಗಂಟೆಯಲ್ಲಿ ಬಂದುಬಿಡುತ್ತಿತ್ತು. ಆದರೆ ಬೀದಿಯೊಳಗೆ ನುಗ್ಗಲು ಜಾಗ ಇರುತ್ತಿರಲಿಲ್ಲ. ತುದಿಯಲ್ಲೇ ನಿಲ್ಲಿಸಿ, ಹಮಾಲರು ಮೂಟೆಗಳನ್ನು ಒಂದೊಂದಾಗಿ ಹೊತ್ತು ತರುವ ಹೊತ್ತಿಗೆ ಇನ್ನೂ ಎರಡು ಗಂಟೆ. ಸರಕು ಸಾಗಣೆ ಅಂದರೆ ನನ್ನ ಕಣ್ಣಮುಂದೆ ಬರುವುದು ಈ ಎರಡನೇ ಎರಡು ಗಂಟೆ. ಇವತ್ತು ಹೇಳಲು ಹೊರಟಿರುವುದೂ ಅದನ್ನೇ.

ಓದಲು ಜರ್ಮನಿಯ ಡ್ರೆಸ್ಡೆನ್‌ಗೆ ಬಂದ ಹೊಸತು. ಸ್ಟ್ರಾಸ್‌ಬುರ್ಗರ್ ಪ್ಲಾಟ್ಸ್ ಸ್ಟಾಪಿನಲ್ಲಿ ನಿಂತಿದ್ದೆ. ಉದ್ದನೆಯ ನೀಲಿ ಟ್ರಾಮ್ ಒಂದು ಬಂತು. ಒಳಗೆ ಒಬ್ಬ ಪ್ರಯಾಣಿಕರೂ ಇಲ್ಲ, ಕೂರಲು ಸೀಟೂ ಇಲ್ಲ. ಅದು ಕಾರ್‌ಗೋಟ್ರಾಮ್, ಸರಕಿಗೆಂದೇ ಮಾಡಿದ ಟ್ರಾಮ್. ಫ್ರೀಡ್ರಿಷ್‌ಸ್ಟಾಟ್‌ನ ಗೋಡೌನಿನಿಂದ ಫೋಕ್ಸ್‌ವ್ಯಾಗನ್‌ನ ಗಾಜಿನ ಗೋಡೆಯ ಕಾರು ಕಾರ್ಖಾನೆಗೆ ಕಾರಿನ ಬಿಡಿಭಾಗ ಒಯ್ಯುತ್ತಿತ್ತು. 2001ರಲ್ಲಿ ಶುರುವಾಗಿ 2020ರವರೆಗೆ ಓಡಿತು. ಸುಮಾರು 60 ಮೀಟರ್ ಉದ್ದ. ಒಂದು ಸಲಕ್ಕೆ ಮೂರು ಲಾರಿಯಷ್ಟು ಸಾಮಾನು, ಊರಿನ ನಡುವೆಯೇ, ಮಾಮೂಲಿ ಟ್ರಾಮ್ ಹಳಿಯ ಮೇಲೆ. ನಾನು ಈ ಕೆಲಸಕ್ಕೆ ಬಿದ್ದದ್ದು ಆ ದಿನದಿಂದ.

ಈಗ ಜರ್ಮನಿಯ ಬೇರೊಂದು ಊರಿನಲ್ಲಿ ಅಂಗಡಿಗಳಿಗೆ ಸರಕು ಹಂಚುವ ಯೋಜನೆಗಳಲ್ಲಿ ಕೆಲಸ ಮಾಡುತ್ತೇನೆ. ಟ್ರಾಮ್ ಇರುವ ಊರುಗಳಿಂದ ಗೆಳೆಯರು ಆಗಾಗ ಕೇಳುತ್ತಾರೆ, "ನಮ್ಮಲ್ಲೂ ಹೀಗೆ ಮಾಡಬಹುದಲ್ವಾ?" ಮಾಡಬಹುದು. ಆದರೆ ಡ್ರೆಸ್ಡೆನ್ ನೋಡಿ ಮೋಸ ಹೋಗಬೇಡಿ. ಅಲ್ಲಿ ಕಳಿಸುವವರು ಒಬ್ಬರು, ತೆಗೆದುಕೊಳ್ಳುವವರು ಒಬ್ಬರು, ಎರಡೂ ಕಡೆ ಬಾಗಿಲ ತನಕ ಹಳಿ. ಅಂಗಡಿಗಳ ಕಥೆಯೇ ಬೇರೆ. ಇಪ್ಪತ್ತು ಅಂಗಡಿ, ಇಪ್ಪತ್ತು ಬಾಗಿಲು, ಒಂದಕ್ಕೂ ಹಳಿ ಇಲ್ಲ.

ಹಾಗಾಗಿ ಮೊದಲ ಕೆಲಸ: ನಕ್ಷೆ ಮಡಚಿಟ್ಟು ನಡೆಯಿರಿ. ಟ್ರಾಮ್ ಸ್ಟಾಪಿನಿಂದ ಒಂದೊಂದು ಅಂಗಡಿಗೂ ಒಂದು ತಳ್ಳುಗಾಡಿ ತಳ್ಳಿಕೊಂಡು ಹೋಗಿ. ಸುಮ್ನೆ ಖಾಲಿ ಗಾಡಿ ಬೇಡ, ನೂರು ಕೆಜಿ ತೂಕ ಹಾಕಿ. ಕಲ್ಲು ಹಾಸಿದ ಬೀದಿಯಲ್ಲಿ ಚಿಕ್ಕ ಚಕ್ರ ಹೇಗೆ ಒದ್ದಾಡುತ್ತದೆ, ಫುಟ್‌ಪಾತ್ ಅಂಚು ಎಲ್ಲಿ ಎತ್ತರ, ಎಲ್ಲಿ ಏರು, ಮಳೆ ಬಂದರೆ ಎಲ್ಲಿ ನೀರು ನಿಲ್ಲುತ್ತದೆ, ಎಲ್ಲ ಗೊತ್ತಾಗುತ್ತದೆ. ನನ್ನ ಲೆಕ್ಕ ಇಷ್ಟು: ಇನ್ನೂರು ಮೀಟರ್ ಒಳಗಿನ ಅಂಗಡಿಗೆ ಕೈಯಲ್ಲಿ ತಳ್ಳಬಹುದು. ಅದಕ್ಕಿಂತ ದೂರವಾದರೆ ಸರಕು ಸೈಕಲ್ ಬೇಕು. ಒಂದು ಕಿಲೋಮೀಟರ್ ದಾಟಿದರೆ ಆ ಅಂಗಡಿಯನ್ನು ಪಟ್ಟಿಯಿಂದ ತೆಗೆದುಬಿಡಿ. ಅದಕ್ಕೆ ವ್ಯಾನೇ ಸರಿ.

ಎರಡನೆಯದು ಪೆಟ್ಟಿಗೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ. ಯುರೋಪಿನ ಗೋಡೌನ್‌ಗಳಲ್ಲಿ ಹೆಚ್ಚಿನ ಸಾಮಾನು 80 × 120 ಸೆಂಟಿಮೀಟರಿನ ಪ್ಯಾಲೆಟ್, ಅಂದರೆ ಮರದ ಹಲಗೆಗಳ ಅಡಿಮಣೆ, ಅದರ ಮೇಲೆ ಕೂತಿರುತ್ತದೆ. ಟ್ರಾಮಿನ ಜೋಡಿ ಬಾಗಿಲು ಸುಮಾರು 130 ಸೆಂಟಿಮೀಟರ್. ಪ್ಯಾಲೆಟ್ ಒಳಗೆ ಹೋಗುತ್ತದೆ, ಆದರೆ ಹೋದ ಮೇಲೆ ತಿರುಗುವುದಿಲ್ಲ. ತಗ್ಗು ನೆಲದ ಟ್ರಾಮ್‌ಗಳಲ್ಲಿ ಚಕ್ರದ ಮೇಲಿನ ಭಾಗ ಒಳಕ್ಕೆ ಉಬ್ಬಿಕೊಂಡಿರುತ್ತದೆ, ನಡುವಿನ ದಾರಿ ಕಿರಿದು. ಅದಕ್ಕೇ ರೋಲ್ ಕಂಟೇನರ್ ಆರಿಸಿಕೊಳ್ಳಿ. ಸೂಪರ್‌ ಮಾರ್ಕೆಟ್ ಹಿಂಬಾಗಿಲಲ್ಲಿ ನೋಡಿರುತ್ತೀರಿ, ನಾಲ್ಕು ಚಕ್ರದ ಕಬ್ಬಿಣದ ಪಂಜರ. ಬುಡ ಸುಮಾರು 70 × 80 ಸೆಂಟಿಮೀಟರ್. ಒಬ್ಬರೇ ತಳ್ಳಬಹುದು, ಅಂಗಡಿಯ ಒಳಗೂ ಹಾಗೇ ಹೋಗುತ್ತದೆ. ಸಾಮಾನನ್ನು ಗೋಡೌನಿನಲ್ಲಿ ಒಮ್ಮೆ ತುಂಬಿದರೆ ಅಂಗಡಿಯ ಕಪಾಟಿನ ಮುಂದೆಯೇ ಬಿಚ್ಚಬೇಕು. ನಡುವೆ ಎಲ್ಲೂ ಕೈ ಬದಲಾಗಬಾರದು. ಪ್ರತಿ ಸಲ ಇಳಿಸಿ ಹತ್ತಿಸಿದಾಗಲೂ ಕೂಲಿ ಏರುತ್ತದೆ, ಒಡೆಯುವುದೂ ಏರುತ್ತದೆ.

ಪಂಜರದ ಚಕ್ರ ಎಷ್ಟು ದೊಡ್ಡದು ಎಂದೂ ನೋಡಿ. ನಮ್ಮ ಮೊದಲ ಪ್ರಯೋಗದ ದಿನ ಬೆಳಗಿನ ಐದೂವರೆ. ನಾವು ಆರಿಸಿದ ಸ್ಟಾಪ್ ತಿರುವಿನಲ್ಲಿತ್ತು. ತಿರುವಿನಲ್ಲಿ ಟ್ರಾಮಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಸಂದು ಅಗಲವಾಗುತ್ತದೆ. ಹಾಲಿನ ಪ್ಯಾಕೆಟ್ ತುಂಬಿದ ಪಂಜರದ ಮುಂದಿನ ಚಕ್ರ ಆ ಸಂದಿಗೆ ಇಳಿಯಿತು. ನಾಲ್ಕು ಜನ ಸೇರಿ ಎತ್ತುವ ಹೊತ್ತಿಗೆ ಹಿಂದೆ ಎರಡು ಟ್ರಾಮ್ ನಿಂತಿದ್ದವು. ಅವುಗಳಲ್ಲಿ ಆಸ್ಪತ್ರೆಯ ಬೆಳಗಿನ ಪಾಳಿಗೆ ಹೋಗುವವರು ಇದ್ದರು. ಅವರ ಮುಖಗಳು ನನಗೆ ಇನ್ನೂ ನೆನಪಿವೆ. ಆಮೇಲಿಂದ ನೇರ ಹಳಿಯ ಸ್ಟಾಪು ಮಾತ್ರ. ಜೊತೆಗೆ ಮಡಚುವ ಅಲ್ಯೂಮಿನಿಯಂ ಹಲಗೆ ಒಂದು ಯಾವಾಗಲೂ ಗಾಡಿಯಲ್ಲಿ.

ಇದರಿಂದಲೇ ಮೂರನೆಯ ವಿಷಯ ಹುಟ್ಟುತ್ತದೆ. ಲಾರಿ ನಿಂತರೆ ಹಿಂದಿನ ಕಾರು ಬಳಸಿಕೊಂಡು ಹೋಗುತ್ತದೆ. ಟ್ರಾಮ್ ನಿಂತರೆ ಹಿಂದಿನ ಟ್ರಾಮೂ ನಿಲ್ಲಲೇಬೇಕು. ಆದ್ದರಿಂದ ಸಮಯವನ್ನು ಸೆಕೆಂಡಿನಲ್ಲಿ ಲೆಕ್ಕ ಹಾಕಿ. ಇಬ್ಬರು ಕೆಲಸದವರು ಇದ್ದರೆ ಒಂದು ಪಂಜರ ಇಳಿಸಲು ಅರ್ಧ ನಿಮಿಷ ಇಟ್ಟುಕೊಳ್ಳಿ. ಆರು ಪಂಜರಕ್ಕೆ ಮೂರು ನಿಮಿಷ, ಪಂಜರ ಬಿಗಿದ ಪಟ್ಟಿ ಬಿಚ್ಚಿ ಕಟ್ಟಲು ಇನ್ನೊಂದು ನಿಮಿಷ. ಹತ್ತು ನಿಮಿಷಕ್ಕೊಂದು ಟ್ರಾಮ್ ಬರುವ ಮಾರ್ಗದಲ್ಲಿ ಇದು ನಡೆಯುತ್ತದೆ. ಐದು ನಿಮಿಷಕ್ಕೊಂದು ಬರುವಲ್ಲಿ ನಡೆಯುವುದಿಲ್ಲ, ಪ್ರಯತ್ನವನ್ನೂ ಮಾಡಬೇಡಿ. ಹಿಂದಿನ ಟ್ರಾಮಿಗೆ ಅಡ್ಡಿಯಾಗದಂತೆ ನಿಂತು ಇಳಿಸಲು, ಟ್ರಾಮ್ ತಿರುಗಿಸುವ ಹಳೆಯ ಹಳಿ, ಬಳಕೆಯಲ್ಲಿಲ್ಲದ ಪಕ್ಕದ ಹಳಿ ಎಲ್ಲಾದರೂ ಇದೆಯೇ ಎಂದು ಟ್ರಾಮ್ ಡಿಪೋದ ಹಳಬರನ್ನು ಕೇಳಿ. ಆಫೀಸಿನ ನಕ್ಷೆಯಲ್ಲಿ ಇಲ್ಲದ್ದು ಅವರ ನೆನಪಿನಲ್ಲಿ ಇರುತ್ತದೆ.

ಗಾಡಿಗೆ ಹೊಸದಾಗಿ ಹಣ ಸುರಿಯಬೇಡಿ. ಫ್ರಾನ್ಸಿನ ಸೇಂಟ್ ಎಟಿಯೆನ್‌ನಲ್ಲಿ 2017ರಲ್ಲಿ ಹಳೆಯ ಟ್ರಾಮ್ ಒಂದನ್ನೇ ಸರಕಿಗೆ ಹೊಂದಿಸಿ, ಕ್ಯಾಸಿನೋ ಎಂಬ ಸೂಪರ್‌ ಮಾರ್ಕೆಟ್ ಸಂಸ್ಥೆಯ ಊರೊಳಗಿನ ಅಂಗಡಿಗಳಿಗೆ ಸಾಮಾನು ಮುಟ್ಟಿಸಿ ನೋಡಿದರು. ನನಗೆ ಬಹಳ ಹಿಡಿಸಿದ ಪ್ರಯೋಗ ಅದು. ಚಿಕ್ಕದು, ಅಳತೆಯಲ್ಲಿದ್ದದ್ದು. ಅದಕ್ಕೆ ಹತ್ತು ವರ್ಷ ಮುಂಚೆ, 2007ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸಿಟಿಕಾರ್ಗೋ ಎಂಬ ಕಂಪನಿ ಟ್ರಾಮಿನಿಂದ ಚಿಕ್ಕ ಬ್ಯಾಟರಿ ಗಾಡಿಗಳಿಗೆ ಸರಕು ದಾಟಿಸಿ ತೋರಿಸಿತ್ತು. ತಂತ್ರ ಸರಿಯಾಗಿಯೇ ಇತ್ತು. ಆದರೆ ಇಡೀ ಊರಿಗೆ ಒಮ್ಮೆಲೇ ಹರಡುವ ಕನಸಿಗೆ ಹಣ ಹೊಂದಲಿಲ್ಲ, ಯೋಜನೆ ಮುಗಿದುಹೋಯಿತು. ನೀವು ಒಂದು ಮಾರ್ಗ, ಒಂದು ಸ್ಟಾಪ್, ಐದಾರು ಅಂಗಡಿಯಿಂದ ಶುರು ಮಾಡಿ.

ಟ್ರಾಮ್‌ನಲ್ಲಿ ಸರಕು ಎಂದರೆ ನಮ್ಮವರಿಗೆ ವಿಚಿತ್ರ ಅನ್ನಿಸಬಹುದು. ಆದರೆ 1873ರ ಫೆಬ್ರವರಿಯಲ್ಲಿ ಕಲ್ಕತ್ತೆಯ ಮೊದಲ ಕುದುರೆ ಟ್ರಾಮ್ ಓಡಿದ್ದು ಸಿಯಾಲ್ದಾ ರೈಲು ನಿಲ್ದಾಣದಿಂದ ಅರ್ಮೇನಿಯನ್ ಘಾಟ್‌ಗೆ. ಒಂದು ತುದಿಯಲ್ಲಿ ರೈಲು, ಇನ್ನೊಂದು ತುದಿಯಲ್ಲಿ ಹೂಗ್ಲಿ ನದಿಯ ದಡ. ಸರಕು ಸಾಗಿಸುವುದೂ ಆ ಮಾರ್ಗದ ಉದ್ದೇಶಗಳಲ್ಲಿ ಒಂದಾಗಿತ್ತು. ನೀವೂ ಹೀಗೇ ಹುಡುಕಿ. ಮಾರ್ಗದ ಹೊರತುದಿಯಲ್ಲಿ ಲಾರಿಗಳು ಸಲೀಸಾಗಿ ಬಂದು ನಿಲ್ಲುವ ಜಾಗ ಇರಬೇಕು. ಅಲ್ಲಿ ಗೋಡೌನ್ ನೆಲವೂ ಟ್ರಾಮ್ ನೆಲವೂ ಒಂದೇ ಎತ್ತರಕ್ಕೆ ಬರುವಂತೆ ಒಂದು ಕಟ್ಟೆ ಕಟ್ಟಿಸಿ. ಖರ್ಚು ಮಾಡಲೇಬೇಕಾದದ್ದು ಇದೊಂದಕ್ಕೆ.

ವಾಪಸು ಬರುವಾಗ ಗಾಡಿ ಖಾಲಿ ಬಾರದಿರಲಿ. ಜರ್ಮನಿಯಲ್ಲಿ ಜನ ಖಾಲಿ ಬಾಟಲಿಗಳನ್ನು ಅಂಗಡಿಗೆ ತಂದುಕೊಟ್ಟು ಠೇವಣಿ ಹಣ ವಾಪಸ್ ಪಡೆಯುತ್ತಾರೆ. ಅಂಗಡಿಯವರಿಗೆ ಆ ಬಾಟಲಿ, ಕ್ರೇಟು, ರಟ್ಟಿನ ಡಬ್ಬಗಳನ್ನು ಇಡಲು ಜಾಗವೇ ಇರುವುದಿಲ್ಲ. "ದಿನಾ ಬೆಳಗ್ಗೆ ಇದನ್ನು ನಾವೇ ಒಯ್ಯುತ್ತೇವೆ" ಎಂದು ಹೇಳಿ ನೋಡಿ. ಹೊಗೆ ಕಡಿಮೆ, ಸದ್ದು ಕಡಿಮೆ ಎಂದು ಅರ್ಧ ಗಂಟೆ ವಿವರಿಸಿದರೂ ತಲೆಯಾಡಿಸದವರು ಈ ಒಂದು ಮಾತಿಗೆ ಒಪ್ಪುತ್ತಾರೆ. ಅಪ್ಪನೂ ಹಾಗೇ ಒಪ್ಪುತ್ತಿದ್ದರು.

ಶುರುವಿನ ಎರಡು ವಾರ ಪ್ರತಿ ಪಂಜರದ ಜೊತೆ ನೀವೇ ಅಂಗಡಿ ತನಕ ಹೋಗಿ. ಟ್ರಾಮ್ ಬೆಳಗಿನ ಐದೂವರೆಗೆ ಬರುತ್ತದೆ, ಅಂಗಡಿ ತೆಗೆಯುವುದು ಏಳಕ್ಕೋ ಎಂಟಕ್ಕೋ. ಈ ನಡುವೆ ಹಾಲು, ಮೊಸರು ಬೀದಿಯಲ್ಲಿ ಕಾಯುವಂತಿಲ್ಲ. ಹಿಂಬಾಗಿಲಿನ ಬೀಗದ ಕೈ ಯಾರ ಹತ್ತಿರ, ಫ್ರಿಜ್ಜಿನ ಕೋಣೆಯಲ್ಲಿ ಪಂಜರ ಇಡುವ ಜಾಗ ಯಾವುದು, ಎಣಿಕೆ ತಪ್ಪಿದರೆ ಯಾರಿಗೆ ಫೋನ್, ಸಹಿ ಯಾರದು. ಈ ನಾಲ್ಕನ್ನೂ ಒಂದೊಂದು ಅಂಗಡಿಯವರ ಜೊತೆ ಕೂತು ಕಾಗದದಲ್ಲಿ ಬರೆದುಕೊಳ್ಳಿ. ಮೊದಲ ಟ್ರಾಮಿಗೆ ಸಾಮಾನು ಹತ್ತಿಸುವುದು ಅದಾದ ಮೇಲೆ.