ತರಗತಿಯಲ್ಲಿ ಹಿನ್ನೆಲೆ ಸಂಗೀತ: ಯಾವಾಗ ಹಾಕಬೇಕು, ಯಾವಾಗ ನಿಲ್ಲಿಸಬೇಕು

ತರಗತಿಯಲ್ಲಿ ಹಿನ್ನೆಲೆ ಸಂಗೀತವನ್ನು ಬಳಸಬಯಸುವ ಶಿಕ್ಷಕರು, ಅದು ಯಾವ ಕೆಲಸಕ್ಕೆ ಹೊಂದುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಚಿತ್ರ ಬಿಡಿಸುವಾಗ, ನಕಾಶೆಗೆ ಬಣ್ಣ ತುಂಬುವಾಗ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿಯಲ್ಲಿ ಮಕ್ಕಳು ಒಂದು ತಟ್ಟೆಯಿಂದ (ಅಂದರೆ ಗುಂಪಿನಿಂದ) ಇನ್ನೊಂದಕ್ಕೆ ಹೋಗಿ ಕೂರುವಾಗ ಸಂಗೀತವಿದ್ದರೆ ತೊಂದರೆಯಿಲ್ಲ. ಹೊಸ ಪಾಠ ವಿವರಿಸುವಾಗ, ಗದ್ಯ ಓದಿಸುವಾಗ, ಉಕ್ತಲೇಖನ ಬರೆಸುವಾಗ ಮಾತ್ರ ಅದನ್ನು ನಿಲ್ಲಿಸಲೇಬೇಕು.

ಆಯ್ಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಸಾಹಿತ್ಯವಿಲ್ಲದ ಸಂಗೀತ. ಹಾಡಿನ ಮಾತುಗಳು ಕಿವಿಗೆ ಬಿದ್ದಾಗ, ಓದುವ ಮತ್ತು ಬರೆಯುವ ಮಾತುಗಳನ್ನು ನೆನಪಿನಲ್ಲಿ ಹಿಡಿದಿಟ್ಟುಕೊಳ್ಳುವುದು ಕಷ್ಟವಾಗುತ್ತದೆ. ಕನ್ನಡ, ಮರಾಠಿ ಎರಡೂ ತಿಳಿದ ಮಕ್ಕಳು ಒಟ್ಟಿಗೆ ಕೂರುವ ಬೆಳಗಾವಿಯ ತರಗತಿಗಳಲ್ಲಿ ಯಾವ ಭಾಷೆಯ ಹಾಡು ಹಾಕಿದರೂ ಅದು ಯಾರದಾದರೂ ಗಮನವನ್ನು ಸೆಳೆದೇ ಸೆಳೆಯುತ್ತದೆ. ಆದ್ದರಿಂದ ಬಾನ್ಸುರಿ, ಸಿತಾರ್ ಅಥವಾ ಸರೋದ್‌ನ ನಿಧಾನಗತಿಯ ಆಲಾಪವನ್ನು ಆರಿಸಿ, ವೇಗದ ಭಾಗವಾದ ಝಾಲಾ ಆರಂಭವಾಗುವ ಮೊದಲೇ ನಿಲ್ಲಿಸುವುದು ಒಳ್ಳೆಯದು. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಗಾಯನವನ್ನು ಈ ಜಿಲ್ಲೆಯ ಮಕ್ಕಳು ಅಗತ್ಯವಾಗಿ ಕೇಳಬೇಕು, ಆದರೆ ಅದಕ್ಕೊಂದು ಪ್ರತ್ಯೇಕ ಅವಧಿಯನ್ನೇ ಮೀಸಲಿಡಬೇಕು. ಅಂತಹ ಗಾಯನವನ್ನು ಲೆಕ್ಕದ ಹಿನ್ನೆಲೆಗೆ ತಳ್ಳುವುದು ನನಗೆ ಸರಿಕಾಣದು.

ಶಿಕ್ಷಕರು ಸಹಜ ದನಿಯಲ್ಲಿ ಆಡಿದ ಮಾತು ಕೊನೆಯ ಬೆಂಚಿಗೆ ಸ್ಪಷ್ಟವಾಗಿ ಕೇಳಿಸಬೇಕು. ಕೇಳಿಸದಿದ್ದರೆ ಸ್ಪೀಕರ್ ಶಬ್ದ ಹೆಚ್ಚಾಯಿತೆಂದೇ ಅರ್ಥ. ಮಳೆಗಾಲದಲ್ಲಿ ತಗಡಿನ ಛಾವಣಿಯ ಸದ್ದನ್ನು ಮೀರಿಸಲು ಶಬ್ದ ಏರಿಸುವುದಕ್ಕಿಂತ ಆ ದಿನ ಸಂಗೀತವನ್ನೇ ಬಿಡುವುದು ಲೇಸು. ಶ್ರವಣದೋಷವುಳ್ಳ ಮಕ್ಕಳಿಗೆ ಹಿನ್ನೆಲೆಯ ಸದ್ದಿನಿಂದ ಮಾತನ್ನು ಬೇರ್ಪಡಿಸಿಕೊಳ್ಳುವುದು ಇನ್ನಷ್ಟು ಕಠಿಣವಾದ್ದರಿಂದ, ಅಂತಹ ಮಗುವಿರುವ ತರಗತಿಯಲ್ಲಿ ಆ ಮಗುವಿನ ಅನುಕೂಲವೇ ನಿರ್ಣಾಯಕವಾಗಬೇಕು. ಮೊಬೈಲ್‌ನಿಂದ ನೇರವಾಗಿ ಹಾಕಿದರೆ ನಡುವೆ ಜಾಹೀರಾತು ನುಗ್ಗುತ್ತದೆ. ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಮೊಜಾರ್ಟ್ ಸಂಗೀತ ಕೇಳಿದರೆ ಬುದ್ಧಿ ಹೆಚ್ಚುತ್ತದೆ ಎಂಬ ಮಾತನ್ನು ನಂಬಿ ಹೊರಡಬೇಕಿಲ್ಲ. ಅದಕ್ಕೆ ಮೂಲವಾದ 1993ರ ಅಧ್ಯಯನ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದದ್ದು, ಮತ್ತು ಅದರಲ್ಲಿ ಕಂಡದ್ದು ಆಕಾರಗಳನ್ನು ಊಹಿಸಿಕೊಳ್ಳುವ ಬಗೆಯ ಪ್ರಶ್ನೆಗಳಲ್ಲಿ ಕೆಲವೇ ನಿಮಿಷ ಉಳಿದ ಸುಧಾರಣೆ ಮಾತ್ರ.

ತಮ್ಮ ತರಗತಿಗೆ ಸಂಗೀತ ಒಗ್ಗುತ್ತದೆಯೇ ಎಂಬುದನ್ನು ತಿಳಿಯಲು, ಒಂದೇ ಮಟ್ಟದ ಅಭ್ಯಾಸವನ್ನು ಒಂದು ವಾರ ಸಂಗೀತದೊಂದಿಗೆ, ಮರುವಾರ ಸಂಗೀತವಿಲ್ಲದೆ ಮಾಡಿಸಿ, ಮುಗಿಸಿದ ಲೆಕ್ಕಗಳನ್ನೂ ತಪ್ಪುಗಳನ್ನೂ ಹೋಲಿಸಿ ನೋಡಬಹುದು. ಸಂಗೀತ ಬೇಡವೆನ್ನುವ ಮಕ್ಕಳನ್ನು ಸ್ಪೀಕರ್‌ನಿಂದ ದೂರ ಕೂರಿಸಿ, ಅವರ ಪುಸ್ತಕಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು.