ಪ್ರೂಫ್ ಮೇಜಿನ ಮೇಲೆ ತಂತಿಯಿಲ್ಲದ ಮೌಸ್

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಒಂದು ಓಣಿಯಲ್ಲಿ ನನ್ನ ಡಿಟಿಪಿ ಅಂಗಡಿಯಿದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಪ್ರವಚನದ ಕರಪತ್ರ, ಶಾಲೆಗಳ ಪ್ರಶ್ನೆಪತ್ರಿಕೆ ಇವೇ ನಮ್ಮ ನಿತ್ಯದ ಕೆಲಸ. ಮಜಕೂರನ್ನು ಹೊಡೆಯುವುದು ಒಂದು ಸಲವಾದರೆ ತಿದ್ದುವುದು ನಾಲ್ಕು ಸಲವಾದ್ದರಿಂದ, ಕೀಲಿಮಣೆಗಿಂತ ಮೌಸಿನ ಮೇಲೆಯೇ ನನ್ನ ಕೈ ಹೆಚ್ಚು ಹೊತ್ತು ಇರುತ್ತದೆ.

ತಂತಿಯಿಲ್ಲದ ಮೌಸನ್ನು ನಾನು ತಂದದ್ದು ಗಿರಾಕಿಗಳ ಸಲುವಾಗಿ. ಪ್ರೂಫ್ ನೋಡಲು ಬರುವ ಹಿರಿಯರು ಮೇಜಿನ ಆಚೆ ಕೂರುತ್ತಾರೆ, ಅವರ ಕಡೆಗೊಂದು ಪರದೆ ಇಟ್ಟಿದ್ದೇನೆ. "ಮೂರನೇ ಸಾಲಿನಾಗ, ಅಲ್ಲಲ್ಲ, ಅದರ ಕೆಳಗ" ಎಂದು ಅವರು ಬೆರಳು ತೋರಿಸುವುದು, ನಾನು ಬೇರೆಲ್ಲೋ ತಿದ್ದುವುದು ಮೊದಲು ನಿತ್ಯ ನಡೆಯುತ್ತಿತ್ತು. ಈಗ ಮೌಸನ್ನೇ ಅವರ ಕೈಗೆ ಕೊಟ್ಟು, ತಪ್ಪಿದ್ದಲ್ಲಿ ಒತ್ತಿರಿ ಎನ್ನುತ್ತೇನೆ. ಜೀವಮಾನದಲ್ಲಿ ಮೌಸ್ ಮುಟ್ಟದ ಅಜ್ಜಂದಿರು ಕೂಡ ಎರಡು ನಿಮಿಷದಲ್ಲಿ ರೂಢಿ ಮಾಡಿಕೊಂಡು, ತಮ್ಮ ಮನೆತನದ ಹೆಸರಿನ ಮೇಲೆ ಬಾಣದ ಗುರುತನ್ನು ತಂದು ನಿಲ್ಲಿಸುತ್ತಾರೆ. ಈ ಒಂದು ಅನುಕೂಲಕ್ಕಾಗಿಯೇ ಮುಂದಿನ ತೊಂದರೆಗಳನ್ನೆಲ್ಲ ತಾಳ್ಮೆಯಿಂದ ಬಿಡಿಸುತ್ತ ಬಂದೆ.

ತೊಂದರೆ ಮೊದಲ ದಿನವೇ ಶುರುವಾಯಿತು: ಕರ್ಸರ್ ನಿಂತಲ್ಲಿ ನಿಲ್ಲದೆ ನಡುಗುತ್ತಿತ್ತು. ಇಂಗ್ಲಿಷ್ ಕೆಲಸದಲ್ಲಿ ಇದನ್ನು ಹೇಗೋ ಸಹಿಸಬಹುದು, ಆದರೆ ಮುದ್ರಣದ ಕನ್ನಡದಲ್ಲಿ ಆಗದು. ನಾವು ಇಂದಿಗೂ ಬಳಸುವ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಫಾಂಟುಗಳಲ್ಲಿ ಒತ್ತಕ್ಷರವೂ ದೀರ್ಘದ ಗುರುತೂ ಬೇರೆ ಬೇರೆ ತುಣುಕುಗಳಾಗಿ ಕೂತಿರುತ್ತವೆ. ಅಕ್ಷರಕ್ಕೂ ಅದರ ಒತ್ತಿಗೂ ನಡುವೆ ಕರ್ಸರ್ ಹೋಗಿ ನಿಲ್ಲಬಲ್ಲದು. ಕೂದಲೆಳೆಯಷ್ಟು ಸರಿದ ಕರ್ಸರಿನಿಂದ ಒಂದು ಸಲ ಅಳಿಸಿದರೆ ಮಲ್ಲಿಕಾರ್ಜುನ ಹೋಗಿ ಮಲಿಕಾರ್ಜುನ ಆಗುತ್ತದೆ, ಅದು ಹಾಗೆಯೇ ಐನೂರು ಪ್ರತಿ ಅಚ್ಚಾಗಿಬಿಟ್ಟರೆ ಆ ಮನೆಯವರಿಗೆ ಮುಖ ತೋರಿಸುವುದು ಹೇಗೆ?

ಕಾರಣ ಮೇಜಿನಲ್ಲಿತ್ತು. ನನ್ನ ಮೇಜಿನ ಮೇಲ್ಭಾಗ ಶಹಾಬಾದಿನ ಫರಸಿ ಕಲ್ಲು. ಅದರ ಮೇಲೆ ಕಾರ್ಡುಗಳ ಮಾದರಿಗಳನ್ನೂ ದರಪಟ್ಟಿಯನ್ನೂ ಹರಡಿ, ಎಲ್ಲರ ಅಂಗಡಿಯಲ್ಲಿರುವಂತೆ ಗಾಜು ಹೊದಿಸಿದ್ದೆ. ಆಪ್ಟಿಕಲ್ ಮೌಸ್ ತನ್ನ ಹೊಟ್ಟೆಯಡಿಯ ಪುಟ್ಟ ದೀಪದಿಂದ ಮೇಜಿನ ಮೇಲ್ಮೈಯನ್ನು ಬೆಳಗಿಸಿ, ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಣ್ಣ ಚಿತ್ರಗಳನ್ನು ತೆಗೆದು, ಒಂದಕ್ಕೊಂದು ಹೋಲಿಸಿ, ಕೈ ಎತ್ತ ಎಷ್ಟು ಸರಿಯಿತೆಂದು ಲೆಕ್ಕ ಹಾಕುತ್ತದೆ. ಅದರ ಮಸೂರ ಸ್ಪಷ್ಟವಾಗಿ ನೋಡುವುದು ಕೆಲವೇ ಮಿಲಿಮೀಟರ್ ದೂರವನ್ನು. ಗಾಜಿನ ಮೇಲ್ಮೈಯಲ್ಲಿ ಹೋಲಿಸಲು ಗುರುತುಗಳೇ ಇಲ್ಲ, ಗಾಜಿನಡಿಯ ಕಾರ್ಡು ಅದರ ಕಣ್ಣಿಗೆ ಮಬ್ಬು. ನಾನು ಗಾಜನ್ನು ಬಲಬದಿಯಲ್ಲಿ ಒಂದು ಅಡಿ ಕತ್ತರಿಸಿ ತೆಗೆಸಿದೆ, ನಡುಕ ಆ ಕ್ಷಣವೇ ನಿಂತಿತು. ಬರಿಯ ಫರಸಿಯ ಮೇಲೆ ಮೌಸ್ ಚೆನ್ನಾಗಿಯೇ ಓಡಿತಾದರೂ, ಕಲ್ಲಿನ ಒರಟಿಗೆ ಅದರ ಅಡಿಯ ನುಣುಪು ಪಟ್ಟಿಗಳು ಕೆಲವೇ ತಿಂಗಳಲ್ಲಿ ಸವೆದು ಕರಕರ ಸದ್ದು ಬರತೊಡಗಿದಾಗ, ಒಂದು ಬಣ್ಣದ ಬಟ್ಟೆಯ ಪ್ಯಾಡ್ ಹಾಕಿದೆ. ಅಂದಿನಿಂದ ಅದೇ ಇದೆ.

ಎರಡನೆಯ ತೊಂದರೆಯ ಮೂಲ ಹಿಡಿಯಲು ನನಗೆ ಇನ್ನೂ ಹೆಚ್ಚು ದಿನ ಬೇಕಾದವು. ಕರ್ಸರ್ ಕೆಲವೊಮ್ಮೆ ತಡೆತಡೆದು ಸಾಗುತ್ತಿತ್ತು, ಕೆಲವೊಮ್ಮೆ ಇಡೀ ದಿನ ಸರಿ ಇರುತ್ತಿತ್ತು. ಸೆಲ್ ಬದಲಿಸಿದೆ, ಡ್ರೈವರ್ ಮತ್ತೆ ಹಾಕಿದೆ, ಫಲವಾಗಲಿಲ್ಲ. ಕೊನೆಗೆ ಒಂದು ಚೀಟಿಯಲ್ಲಿ ತಡೆ ಬಂದ ವೇಳೆಯನ್ನೂ ಆಗ ನಾನು ಮಾಡುತ್ತಿದ್ದ ಕೆಲಸವನ್ನೂ ಬರೆದಿಡುತ್ತ ಹೋದೆ. ಒಂದು ವಾರದ ಚೀಟಿ ಓದಿದಾಗ ಸಂಗತಿ ಹೊರಬಿತ್ತು: ಗಿರಾಕಿಗಳ ಫೋಟೊಗಳನ್ನು ಹಾರ್ಡ್ ಡಿಸ್ಕಿಗೆ ಸಾಗಿಸುವಾಗ ಮಾತ್ರ ತಡೆ ಬರುತ್ತಿತ್ತು. ಮೌಸಿನ ಸಂಕೇತ ಹಿಡಿಯುವ ಪುಟ್ಟ ರಿಸೀವರ್ ಸಿಪಿಯು ಹಿಂಬದಿಯ ನೀಲಿ, ಅಂದರೆ 3.0 ನಮೂನೆಯ ಯುಎಸ್‌ಬಿ ಪೋರ್ಟಿನಲ್ಲಿತ್ತು, ಪಕ್ಕದ ಪೋರ್ಟಿನಲ್ಲಿ ಹಾರ್ಡ್ ಡಿಸ್ಕ್. ಈ ಮೌಸ್ 2.4 ಗಿಗಾಹರ್ಟ್ಸ್ ರೇಡಿಯೊ ಅಲೆಯಲ್ಲಿ ಕೆಲಸ ಮಾಡುತ್ತದೆ. ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಮಾಹಿತಿ ಸಾಗಿಸುವಾಗ ಅದರ ಪೋರ್ಟು ಮತ್ತು ಕೇಬಲಿನ ಸುತ್ತ ಹೊಮ್ಮುವ ರೇಡಿಯೊ ಗದ್ದಲ 2.4ರಿಂದ 2.5 ಗಿಗಾಹರ್ಟ್ಸ್ ಭಾಗಕ್ಕೂ ಹರಡುತ್ತದೆ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ವಿವರಿಸುವ ತಾಂತ್ರಿಕ ಪ್ರಬಂಧ ಹೊರತಂದಿದೆ. ಸಾಲದ್ದಕ್ಕೆ ರಿಸೀವರಿಗೂ ನನ್ನ ಕೈಗೂ ನಡುವೆ ಸಿಪಿಯುವಿನ ಉಕ್ಕಿನ ಪೆಟ್ಟಿಗೆ ಮತ್ತು ಎರಡು ಅಂಗುಲ ಫರಸಿ ಅಡ್ಡ ಇದ್ದವು.

ಒಂದು ಮೀಟರ್ ಉದ್ದದ ಯುಎಸ್‌ಬಿ 2.0 ಎಕ್ಸ್‌ಟೆನ್ಶನ್ ಕೇಬಲ್ ತಂದು, ಹಿಂದಿನ ಕಪ್ಪು ಪೋರ್ಟಿಗೆ ಸಿಕ್ಕಿಸಿ, ಇನ್ನೊಂದು ತುದಿಯಲ್ಲಿ ರಿಸೀವರ್ ಇಟ್ಟು, ಪರದೆಯ ಕಾಲಿಗೆ ಟೇಪಿನಿಂದ ಅಂಟಿಸಿದೆ. ಅಂದಿನಿಂದ ಎಷ್ಟೇ ಫೋಟೊ ಸಾಗಿಸಿದರೂ ಕರ್ಸರ್ ತಡೆದಿಲ್ಲ. ಮೌಸ್ ಕೆಟ್ಟಿದೆ ಎಂದು ಎಸೆಯುವ ಮುನ್ನ ರಿಸೀವರಿನ ಜಾಗವನ್ನು ಬದಲಿಸಿ ನೋಡಿರೆಂದು ಕೇಳಿದವರಿಗೆಲ್ಲ ನಾನು ಹೇಳುತ್ತೇನೆ, ಏಕೆಂದರೆ ನಾನೇ ಒಂದು ಒಳ್ಳೆಯ ಮೌಸನ್ನು ಹಾಗೆ ಎಸೆಯುವವನಿದ್ದೆ. ಅಂಗಡಿಯಲ್ಲಿ ಒಂದೇ ಮಾದರಿಯ ಎರಡು ಮೌಸ್ ಇರುವವರು ಮೌಸಿಗೂ ಅದರ ರಿಸೀವರಿಗೂ ಒಂದೇ ಬಣ್ಣದ ಉಗುರುಬಣ್ಣದ ಚುಕ್ಕೆ ಹಚ್ಚಿಡಬೇಕು. ಇವು ಜೋಡಿಯಾಗಿಯೇ ಬರುತ್ತವೆ, ಅದಲುಬದಲಾದರೆ ಎರಡೂ ಸತ್ತಂತೆ ತೋರುತ್ತವೆ.

ಸೆಲ್ಲಿನ ವಿಷಯದಲ್ಲಿ ಉಳಿತಾಯ ಮಾಡಲು ಹೋಗಿ ನಷ್ಟವಾಯಿತು. ಗೋಡೆಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ನನ್ನ ಬಳಕೆಗೆ ತಿಂಗಳು ಸಹ ಸರಿಯಾಗಿ ಬರುತ್ತಿರಲಿಲ್ಲ. ಆಲ್ಕಲೈನ್ ಸೆಲ್ ಒಂದಕ್ಕೆ ಐದು ತಿಂಗಳು ಬರುತ್ತದೆ. ರಿಚಾರ್ಜ್ ಮಾಡುವ ನಿಕಲ್ ಸೆಲ್ 1.5 ವೋಲ್ಟ್ ಅಲ್ಲ, 1.2 ವೋಲ್ಟ್; ಆದ್ದರಿಂದ ಅದನ್ನು ಹಾಕಿದಾಗ ಸೆಲ್ ಮುಗಿಯಿತೆಂಬ ಕೆಂಪು ದೀಪ ಬೇಗನೆ ಹತ್ತಿದರೂ ಗಾಬರಿಪಡಬೇಕಿಲ್ಲ. ಒಂದು ಬೇಸಿಗೆಯಲ್ಲಿ ಊರಿಗೆ ಹೋಗುವಾಗ ಬಿಡಿ ಮೌಸಿನಲ್ಲಿ ಆಲ್ಕಲೈನ್ ಸೆಲ್ ಹಾಗೇ ಬಿಟ್ಟಿದ್ದೆ. ಮರಳಿ ಬಂದಾಗ ಅದು ಸೋರಿ, ಸ್ಪ್ರಿಂಗಿನ ಮೇಲೆ ಬಿಳಿ ಹುಡಿ ಕಟ್ಟಿತ್ತು. ಸೋರುವುದು ಕ್ಷಾರವಾದ್ದರಿಂದ, ಹತ್ತಿ ಕಡ್ಡಿಗೆ ಎರಡು ಹನಿ ನಿಂಬೆರಸ ಹಚ್ಚಿ ಒರೆಸಿ, ನೀರಿನ ಕಡ್ಡಿಯಿಂದ ಇನ್ನೊಮ್ಮೆ ಒರೆಸಿ, ಚೆನ್ನಾಗಿ ಒಣಗಿಸಿದ ಮೇಲೆ ಮೌಸ್ ಬದುಕಿತು. ಆ ಹುಡಿಯನ್ನು ಬರಿಗೈಯಿಂದ ಮುಟ್ಟಬಾರದು.

ಎಡಗುಂಡಿ ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದಂತಾಗುವ ರೋಗ ಮೂರನೆಯ ವರ್ಷಕ್ಕೆ ಬಂತು. ಒಳಗಿನ ಮೈಕ್ರೋಸ್ವಿಚ್ಚಿನ ಲೋಹದ ಎಲೆ ಸವೆದಾಗ ಹೀಗಾಗುತ್ತದೆ. ಅಡಿಯ ನುಣುಪು ಪಟ್ಟಿಗಳ ಕೆಳಗೆ ಅಡಗಿದ್ದ ಸ್ಕ್ರೂ ಬಿಚ್ಚಿ, ರೇಡಿಯೊ ದುರಸ್ತಿಯ ಗೆಳೆಯನೊಬ್ಬನಿಂದ ಮೂರು ಕಾಲಿನ ಹೊಸ ಸ್ವಿಚ್ಚನ್ನು ಬೆಸುಗೆ ಹಾಕಿಸಿದೆ.

ವಿಂಡೋಸಿನ ಮೌಸ್ ಸೆಟ್ಟಿಂಗಿನಲ್ಲಿ ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಷನ್ ಎಂಬುದನ್ನು ತೆಗೆದುಹಾಕಿದ್ದೇನೆ. ಅದು ಇದ್ದರೆ ಕೈ ವೇಗವಾಗಿ ಸರಿದಷ್ಟೂ ಕರ್ಸರ್ ಇನ್ನೂ ದೂರ ಓಡುತ್ತದೆ, ಒತ್ತಕ್ಷರದ ಪಕ್ಕ ನಿಲ್ಲಿಸಲು ಅಂದಾಜು ಸಿಗುವುದಿಲ್ಲ.

ತಂತಿಯ ಹಳೆಯ ಮೌಸನ್ನು ಸಿಪಿಯು ಹಿಂದಿನ ಮೊಳೆಗೆ ತೂಗುಹಾಕಿದ್ದೇನೆ. ಇಷ್ಟು ವರ್ಷಗಳಲ್ಲಿ ಅದು ಬೇಕಾದದ್ದು ಎರಡೇ ಸಲ, ಎರಡೂ ಸಲ ಲಗ್ನಸರಾಯಿಯ ರಾತ್ರಿ, ಸುತ್ತಲಿನ ಅಂಗಡಿಗಳೆಲ್ಲ ಮುಚ್ಚಿದ ಮೇಲೆ ಸೆಲ್ ಮುಗಿದಾಗ.